ಅಪ್ಪನ ಕಾರು, ಅಪ್ಪನ ಟೂಲ್ ಬಾಕ್ಸು

ಎಂಜಿ ಟಿಸಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಒಂದು ಕಿತಾಪತಿ ಬುದ್ಧಿ ಇದೆ. ಅದರ ಒಂದು ಬೋಲ್ಟು ಸವೆದಿದೆಯೆಂದು ಬಿಚ್ಚಿ, ಹಾರ್ಡ್‌ವೇರ್ ಅಂಗಡಿಯಿಂದ 8 ಮಿಲಿಮೀಟರಿನ ಹೊಸ ಬೋಲ್ಟು ತಂದು ಹಾಕಿದರೆ ಮೊದಲ ಸುತ್ತು ಸಲೀಸಾಗಿ ಹೋಗುತ್ತದೆ. ಎರಡನೆಯ ಸುತ್ತಿಗೆ ಬಿಗಿಯುತ್ತದೆ. ಇನ್ನೊಂದು ಚೂರು ಒತ್ತಿದರೆ ಕೂತುಕೊಳ್ಳುತ್ತದೆ ಎಂದು ಪಾನ ಹಾಕಿ ಜೋರು ಮಾಡಿದವನು ಕೆಟ್ಟ. ಬೋಲ್ಟಿನ ಥ್ರೆಡ್ಡೂ ಹೋಯಿತು, ಎಪ್ಪತ್ತು ಎಂಬತ್ತು ವರ್ಷ ಬಾಳಿದ ಎಂಜಿನ್ನಿನ ಥ್ರೆಡ್ಡೂ ಹೋಯಿತು.

ಇದರ ಕಾರಣ ಹುಡುಕಿಕೊಂಡು ಹೋದರೆ ಒಂದನೇ ಮಹಾಯುದ್ಧಕ್ಕೆ ಹೋಗಿ ಮುಟ್ಟುತ್ತೇವೆ. ಪ್ಯಾರಿಸ್ಸು ಜರ್ಮನರ ಕೈಗೆ ಬಿದ್ದರೆ ಗತಿಯೇನು ಎಂದು ಹಾಚ್‌ಕಿಸ್ ಎಂಬ ಫ್ರೆಂಚ್ ಮಷಿನ್ ಗನ್ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಗನ್ನಿಗೆ ಗಿರಾಕಿ ಇಲ್ಲ. ಅದೇ ಕಾರ್ಖಾನೆ ಎಂಜಿಯ ಒಡೆಯ ವಿಲಿಯಂ ಮಾರಿಸ್ ಅವರ ಕಾರುಗಳಿಗೆ ಎಂಜಿನ್ ಮಾಡಿಕೊಡತೊಡಗಿತು, 1923ರಲ್ಲಿ ಮಾರಿಸ್ ಅದನ್ನು ಕೊಂಡೇಬಿಟ್ಟರು. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು, ಮೆಟ್ರಿಕ್. ಅವನ್ನು ಬದಲಾಯಿಸುವುದು ದುಬಾರಿ. ಆದರೆ ಅಂದಿನ ಯಾವ ಬ್ರಿಟಿಷ್ ಮೆಕ್ಯಾನಿಕ್ಕಿನ ಹತ್ತಿರವೂ ಮೆಟ್ರಿಕ್ ಪಾನ ಇರಲಿಲ್ಲ. ಹಾಗಾಗಿ ಬೋಲ್ಟಿನ ಮೈ ಫ್ರೆಂಚ್, ತಲೆ ಇಂಗ್ಲಿಷ್. ತಲೆಗೆ ವಿಟ್‌ವರ್ತ್ ಎಂಬ ಬ್ರಿಟಿಷ್ ಅಳತೆಯ ಪಾನವೇ ಬೇಕು, ಥ್ರೆಡ್ಡಿನ ಪಿಚ್ಚು (ಸುತ್ತಿನಿಂದ ಸುತ್ತಿಗಿರುವ ಅಂತರ) ಮಾತ್ರ 1 ಮಿಲಿಮೀಟರ್. ಇವತ್ತು ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರ್ ಬೋಲ್ಟಿನ ಪಿಚ್ಚು 1.25. ಎರಡನೇ ಸುತ್ತಿಗೆ ಸಿಕ್ಕಿಕೊಳ್ಳುವುದು ಈ ಕಾಲು ಮಿಲಿಮೀಟರಿಗೆ.

ಟಿಸಿಯನ್ನು ತಂದೆಯಿಂದ ಪಡೆದ ಮಗ ಅಥವಾ ಮಗಳಿಗೆ ಈ ಸಂಗತಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವರಿಗೆ ಸಿಕ್ಕಿದ್ದು ಬರೀ ಕಬ್ಬಿಣ, ಆ್ಯಶ್ ಮರದ ಚೌಕಟ್ಟು, ಒಂದಷ್ಟು ಹಳೆಯ ಚರ್ಮ. ಕಾರಿನ ಜತೆಗೆ ಟೂಲ್ ಬಾಕ್ಸೂ ಬರಬೇಕು, ಆ ಟೂಲ್ ಬಾಕ್ಸಿನ ಬುದ್ಧಿಯೂ ಬರಬೇಕು.

ಬೆಂಗಳೂರಿನವರಿಗೆ ಎಂಜಿ ಎಂದರೆ ಮೊದಲು ನೆನಪಾಗುವುದು ಮಹಾತ್ಮ ಗಾಂಧಿ ರಸ್ತೆ, ಆಮೇಲೆ ಶೋರೂಮಿನ ಹೆಕ್ಟರ್, ವಿಂಡ್ಸರ್. ಈ ಎಂಜಿ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನಲ್ಲಿ ಹುಟ್ಟಿದ್ದು. ಸೆಸಿಲ್ ಕಿಂಬರ್ ಎಂಬ ಮ್ಯಾನೇಜರು ಮಾರಿಸ್ ಕಂಪನಿಯ ಸಾಧಾರಣ ಕಾರುಗಳಿಗೆ ಚುರುಕು ಮೈ ಕಟ್ಟಿಸಿ ಮಾರತೊಡಗಿದ. ಎರಡನೇ ಮಹಾಯುದ್ಧ ಮುಗಿದ 1945ರಲ್ಲೇ ಟಿಸಿ ಬಂತು. 1949ರ ತನಕ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಿದ್ದದ್ದು ಸುಮಾರು 10,000. ಅದರಲ್ಲಿ 2,000ದಷ್ಟು ಅಮೆರಿಕಕ್ಕೆ ಹೋದವು, ಸ್ಟೀರಿಂಗು ಬಲಗಡೆಯೇ ಇದ್ದರೂ! ಇಂಗ್ಲೆಂಡಿನಲ್ಲಿದ್ದ ಅಮೆರಿಕನ್ ಸೈನಿಕರು ಈ ಪುಟ್ಟ ಕಾರಿಗೆ ಮನಸೋತು ಊರಿಗೆ ಮರಳಿದ್ದರು. 1,250 ಸಿಸಿಯ ಎಂಜಿನ್ನು, ಸೈಕಲ್ಲಿನ ಹಾಗೆ ಕಡ್ಡಿಗಳಿರುವ 19 ಇಂಚಿನ ಚಕ್ರಗಳು. ಓಟದಲ್ಲಿ ಇವತ್ತಿನ ಯಾವ ಬಾಡಿಗೆ ಟ್ಯಾಕ್ಸಿಯೂ ಅದನ್ನು ಹಿಂದೆ ಹಾಕೀತು. ಆದರೂ ಅಂದು ಕೊಂಡವರ ಮೊಮ್ಮಕ್ಕಳು ಇಂದಿಗೂ ಅವನ್ನು ಓಡಿಸುತ್ತಿದ್ದಾರೆ.

ಓಡಿಸುವುದೆಂದರೆ ಕೀಲಿ ತಿರುಗಿಸಿ ಹೊರಡುವುದಲ್ಲ. ಭಾನುವಾರ ಬೆಳಿಗ್ಗೆ ಯಾವುದಾದರೂ ಟಿಸಿ ಮನೆಯ ಗ್ಯಾರೇಜಿಗೆ ಹೋದರೆ ಕಾಣುವ ದೃಶ್ಯ ಇದು: ಬಾನೆಟ್ಟು ತೆರೆದಿದೆ, ಎಂಜಿನ್ನು ಗುರುಗುಡುತ್ತಿದೆ, ಮನೆಯ ಹಿರಿಯರು ಒಂದು ಗೇಣು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದಿದ್ದಾರೆ. ಡಾಕ್ಟರು ಸ್ಟೆತಸ್ಕೋಪು ಹಿಡಿದ ಹಾಗೆ. ಟಿಸಿಗೆ ಎಸ್‌ಯು ಕಾರ್ಬೊರೇಟರ್ ಎರಡು. ಎರಡೂ ಒಂದೇ ಸಮ ಉಸಿರೆಳೆಯಬೇಕು. ಒಂದರ ಬಾಯಲ್ಲಿ ‘ಸ್ಸ್’ ಎಂಬ ಸದ್ದು ದಪ್ಪಗೆ, ಇನ್ನೊಂದರಲ್ಲಿ ತೆಳ್ಳಗೆ ಕೇಳಿದರೆ ಸ್ಕ್ರೂ ತಿರುಗಿಸಿ ಎರಡನ್ನೂ ಒಂದೇ ಶ್ರುತಿಗೆ ತರಬೇಕು. ಆಮೇಲೆ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಕಿವಿಗೊಡುವುದು. ಎಂಜಿನ್ನಿನ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲು ಹೆಚ್ಚಾಯಿತು, ಕುಸಿದು ನಿಲ್ಲುವ ಹಾಗಾದರೆ ಕಡಿಮೆಯಾಯಿತು, ತುಸು ಏರಿ ಮತ್ತೆ ತನ್ನ ಜಾಗಕ್ಕೆ ಬಂದರೆ ಸರಿಯಾಯಿತು. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಕಿವಿಗೆ ಹತ್ತಬೇಕಾದರೆ ಪೈಪಿನ ಇನ್ನೊಂದು ತುದಿಯನ್ನು ಹಿಡಿದು ಪಕ್ಕದಲ್ಲಿ ನಿಂತಿರಬೇಕು.

ಸ್ಟಾರ್ಟಿಂಗ್ ಹ್ಯಾಂಡಲ್ಲಿನದೂ ಅದೇ ಕಥೆ. ಹಳೆಯ ಲಾರಿ, ಬಸ್ಸುಗಳ ಕಾಲದ ಕ್ಲೀನರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು: ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತಿ ಹಿಡಿಯಬಾರದು, ಉಳಿದ ನಾಲ್ಕು ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಎಂಜಿನ್ನು ಎದುರು ಹೊಡೆದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಇಂಥದ್ದನ್ನು ಯಾವ ವಿಲ್ಲಿನಲ್ಲೂ ಬರೆಯುವುದಿಲ್ಲ.

ಆಸ್ತಿ ಪಾಲು ಮಾಡುವವರಿಗೆ ಇಂಥ ಕಾರಿನಷ್ಟು ತಲೆನೋವಿನ ವಸ್ತು ಇನ್ನೊಂದಿಲ್ಲ. ಹೊಲವಾದರೆ ನಡುವೆ ಬದು ಹಾಕಬಹುದು, ಬಂಗಾರವನ್ನು ತೂಗಿ ಕೊಡಬಹುದು, ಮನೆಗೂ ನಡುಗೋಡೆ ಎದ್ದದ್ದುಂಟು. ಮೂವರು ಮಕ್ಕಳಿಗೆ ಒಂದು ಜಾಗ್ವಾರ್ ಇ-ಟೈಪ್ ಇದ್ದರೆ ಏನು ಮಾಡುವುದು? ಬಂಗಾರ ಲಾಕರಿನಲ್ಲಿ ಹತ್ತು ವರ್ಷ ಮಲಗಿದರೂ ಬಂಗಾರವೇ. ಕಾರು ಹತ್ತು ವರ್ಷ ಮಲಗಿದರೆ ಬ್ರೇಕ್ ಆಯಿಲ್ಲು ನೀರೆಳೆದುಕೊಳ್ಳುತ್ತದೆ, ಸಿಲಿಂಡರು ಒಳಗೇ ತುಕ್ಕು ಹಿಡಿಯುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಸೀಟಿನ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡುತ್ತದೆ.

ಇದರ ಮೇಲೆ ಸರ್ಕಾರಗಳ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಖಾಸಗಿ ಕಾರನ್ನು ಮಾರಿ ಎಷ್ಟೇ ಲಾಭ ಬಂದರೂ ಬಂಡವಾಳ ಲಾಭದ ತೆರಿಗೆ ಇಲ್ಲ. ಕಾರೆಂದರೆ ದಿನದಿಂದ ದಿನಕ್ಕೆ ಬೆಲೆ ಕಳೆದುಕೊಳ್ಳುವ ವಸ್ತು ಎಂಬ ಎಣಿಕೆ ಇದರ ಹಿಂದಿನದು. ಕೋಟಿ ಬಾಳುವ ಫೆರಾರಿಗೂ ಇದೇ ವಿನಾಯಿತಿ ಸಲ್ಲುತ್ತದೆ. ಆದರೆ ಯಜಮಾನ ಸತ್ತರೆ ಮಾತು ಬೇರೆ. 3,25,000 ಪೌಂಡಿಗೆ ಮೇಲ್ಪಟ್ಟ ಆಸ್ತಿಗೆ ಶೇ 40ರ ಉತ್ತರಾಧಿಕಾರ ತೆರಿಗೆ ಬೀಳುತ್ತದೆ, ಕಾರೂ ಆ ಲೆಕ್ಕಕ್ಕೆ ಸೇರುತ್ತದೆ. ಬದುಕಿರುವಾಗಲೇ ಮಗಳಿಗೆ ದಾನ ಕೊಟ್ಟು ಆಮೇಲೆ ಏಳು ವರ್ಷ ಬಾಳಿದರೆ ಆ ಬಾಧೆ ಇಲ್ಲ. ಹಾಗಂತ ಕೊಟ್ಟ ಮೇಲೂ ಅಪ್ಪ ಪ್ರತಿ ಭಾನುವಾರ ಅದೇ ಕಾರನ್ನು ತೆಗೆದುಕೊಂಡು ಹೋಗುತ್ತಿದ್ದರೆ ಅದು ದಾನವೇ ಅಲ್ಲ ಎನ್ನುತ್ತದೆ ಕಾನೂನು. ಕೊಟ್ಟದ್ದರ ಸುಖವನ್ನು ಕೊಟ್ಟವನೇ ಉಣ್ಣುತ್ತಿದ್ದರೆ ವಸ್ತು ಅವನದ್ದೇ. ಓಡಿಸಲೇಬೇಕೆಂದರೆ ಮಗಳಿಗೆ ಮಾರುಕಟ್ಟೆ ದರದಲ್ಲಿ ಬಾಡಿಗೆ ಕೊಡಬೇಕು. ನಲವತ್ತು ವರ್ಷ ಸಾಕಿದ ಕಾರಿಗೆ ಮಗಳ ಹತ್ತಿರ ರಸೀದಿ ಬರೆಸಿಕೊಂಡು ಕೂರುವ ಅಪ್ಪನನ್ನು ಊಹಿಸಿಕೊಳ್ಳಿ.

ಅಮೆರಿಕದಲ್ಲಿ ಇದರ ತದ್ವಿರುದ್ಧ. ಅಲ್ಲಿ ಅಪ್ಪ ಬದುಕಿರುವಾಗ ಕಾರು ಕೊಟ್ಟರೆ ಅವನು ಕೊಂಡ ಹಳೆಯ ಬೆಲೆಯೇ ಮಗನ ಲೆಕ್ಕಕ್ಕೂ ಅಂಟಿಕೊಳ್ಳುತ್ತದೆ. ಮುಂದೆ ಮಾರಿದಾಗ ಅಷ್ಟೂ ವರ್ಷಗಳ ಏರಿಕೆಗೆ ತೆರಿಗೆ. ಅಪ್ಪ ಸತ್ತ ಮೇಲೆ ಬಂದರೆ ಆ ದಿನದ ಮಾರುಕಟ್ಟೆ ಬೆಲೆಯೇ ಹೊಸ ಲೆಕ್ಕ, ಹಳೆಯ ಲಾಭವೆಲ್ಲ ಮಾಫಿ. ಹೀಗಾಗಿ ಆಡಿಟರುಗಳು ಅಲ್ಲಿ ‘ಕೊನೆವರೆಗೂ ಇಟ್ಟುಕೊಳ್ಳಿ’ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ‘ಬೇಗ ಕೊಟ್ಟುಬಿಡಿ’ ಎನ್ನುತ್ತಾರೆ. ಎರಡೂ ಕಡೆ ಕಲಿಸುವ ವಯಸ್ಸು ಯಾವುದು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೇಳದೆಯೇ ಅದನ್ನು ಸರಿಯಾಗಿ ಮಾಡಿದ ಮನೆಯೊಂದಿದೆ. ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್ ಅವರದು. ಅವರ ತಂದೆ ಬಿಲ್ ಮೇಸನ್ ಶೆಲ್ ಕಂಪನಿಗೆ ಮೋಟಾರು ರೇಸಿನ ಸಾಕ್ಷ್ಯಚಿತ್ರಗಳನ್ನು ಮಾಡಿದವರು, ಬಿಡುವಿನಲ್ಲಿ ನಾಲ್ಕೂವರೆ ಲೀಟರಿನ ಹಳೆಯ ಬೆಂಟ್ಲಿಯಲ್ಲಿ ತಾವೇ ರೇಸಿಗಿಳಿಯುತ್ತಿದ್ದವರು. ಮಗ ಬೆಳೆದದ್ದು ಆ ಬೆಂಟ್ಲಿಯ ಎಣ್ಣೆ ವಾಸನೆಯಲ್ಲಿ. ಹಾಡಿನ ದುಡ್ಡು ಬಂದಾಗ 1970ರ ದಶಕದ ಕೊನೆಯಲ್ಲಿ ಅವರು ಸುಮಾರು 35,000 ಪೌಂಡ್ ಕೊಟ್ಟು ಫೆರಾರಿ 250 ಜಿಟಿಒ ಕೊಂಡರು. ಆ ಮಾದರಿಯ ಕಾರುಗಳು ಇರುವುದೇ 36. ಇವರ ಕಾರು 1962ರ ಲ ಮಾನ್ಸ್ 24 ತಾಸಿನ ರೇಸಿನಲ್ಲಿ ಮೂರನೆಯದಾಗಿ ಬಂದದ್ದು. 2018ರಲ್ಲಿ ಇದೇ ಮಾದರಿಯ ಇನ್ನೊಂದು ಕಾರು ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು ಎಂದರೆ ಏರಿಕೆಯ ಅಂದಾಜು ಸಿಕ್ಕೀತು.

ಇಷ್ಟು ಬೆಲೆಯ ಕಾರಿನಲ್ಲಿ ಮೇಸನ್ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ಹೆಣ್ಣುಮಕ್ಕಳಾದ ಕ್ಲೋಯಿ, ಹಾಲಿ ಇಬ್ಬರೂ ಮುಂದೆ ಹಳೆಯ ಕಾರುಗಳ ರೇಸಿನಲ್ಲಿ ಸ್ಟೀರಿಂಗ್ ಹಿಡಿದರು, ಕ್ಲೋಯಿ ಕೈಹಿಡಿದ ಮರೀನೊ ಫ್ರಾಂಕಿಟಿ ರೇಸಿಂಗ್ ಡ್ರೈವರ್. ಬಿಲ್ಲರ ಬೆಂಟ್ಲಿ ಮನೆ ಬಿಟ್ಟು ಹೋಗಲಿಲ್ಲ. ದುಡ್ಡಿದ್ದವರ ಮಾತು ಬಿಡಿ ಎನ್ನಬಹುದು, ನಿಜವೇ. ಆದರೆ ಅಷ್ಟೇ ದುಡ್ಡಿದ್ದು ಅದೇ ಕಾರನ್ನು ಹವಾನಿಯಂತ್ರಿತ ಗೋದಾಮಿನಲ್ಲಿ ಬೀಗ ಹಾಕಿಟ್ಟವರೂ ಇದ್ದಾರೆ. ಅವರ ಮಕ್ಕಳಿಗೆ ಗೊತ್ತಿರುವುದು ಇನ್ಶೂರೆನ್ಸ್ ಪಾಲಿಸಿಯ ಮೊತ್ತ ಮಾತ್ರ.

ಒಂದು ತಲೆಮಾರನ್ನು ಹಾರಿ ಬರುವ ಹುಚ್ಚೂ ಉಂಟು. 1931ರಲ್ಲಿ ಬ್ರೂಕ್‌ಲ್ಯಾಂಡ್ಸಿನ ‘ಡಬಲ್ ಟ್ವೆಲ್ವ್’ ರೇಸನ್ನು ಪುಟ್ಟ ಎಂಜಿ ಮಿಜೆಟ್‌ನಲ್ಲಿ ಗೆದ್ದವರು ಅರ್ಲ್ ಆಫ್ ಮಾರ್ಚ್ ಮತ್ತು ಜತೆಗಾರ ಕ್ರಿಸ್ ಸ್ಟ್ಯಾನಿಲ್ಯಾಂಡ್. (24 ತಾಸಿನ ರೇಸನ್ನು ಎರಡು ಹಗಲಿಗೆ ಹಂಚಿದ್ದರು. ರಾತ್ರಿ ಸದ್ದು ಮಾಡಿದರೆ ಅಕ್ಕಪಕ್ಕದವರ ತಕರಾರು.) ಈ ಅರ್ಲ್ ಮುಂದೆ ರಿಚ್ಮಂಡ್ ಡ್ಯೂಕ್ ಆಗಿ, 1948ರಲ್ಲಿ ತಮ್ಮ ಗುಡ್‌ವುಡ್ ಎಸ್ಟೇಟಿನಲ್ಲೇ ರೇಸಿನ ಟ್ರ್ಯಾಕು ತೆರೆದರು. 1966ರಲ್ಲಿ ಅದು ಮುಚ್ಚಿತು. ಮತ್ತೆ ತೆರೆದದ್ದು ಮೊದಲು ತೆರೆದು ಸರಿಯಾಗಿ 50 ವರ್ಷಕ್ಕೆ, 1998ರಲ್ಲಿ. ತೆರೆದವರು ಮಗನಲ್ಲ, ಮೊಮ್ಮಗ ಚಾರ್ಲ್ಸ್. ಇಂದು ಗುಡ್‌ವುಡ್ ರಿವೈವಲ್‌ಗೆ ಜನ ಅಜ್ಜ ಅಜ್ಜಿಯರ ಕಾಲದ ಉಡುಪು ತೊಟ್ಟುಕೊಂಡು ಬರುತ್ತಾರೆ, ಕಾರುಗಳೂ ಆ ಕಾಲದವೇ.

ಎಲ್ಲ ಮನೆಯ ಕಥೆಯೂ ಇಷ್ಟು ಸುಸೂತ್ರವಲ್ಲ. ಅಮೆರಿಕದ ಶೆಲ್ಬಿ ಕೋಬ್ರಾ ಡೇಟೋನಾ ಕೂಪೆಯದು ಪತ್ತೇದಾರಿ ಕಾದಂಬರಿಗೆ ವಸ್ತುವಾಗಬಲ್ಲ ಕಥೆ. ಫೆರಾರಿ ಜಿಟಿಒವನ್ನು ಸೋಲಿಸಲೆಂದೇ ಕ್ಯಾರಲ್ ಶೆಲ್ಬಿ 1964ರಲ್ಲಿ ಮಾಡಿಸಿದ ಕಾರು, ಅದರ ಆಕಾರ ಪೀಟರ್ ಬ್ರಾಕ್ ಎಂಬ ಯುವಕನದು. ಒಟ್ಟು ಆರು ಕಾರು ಕಟ್ಟಿದರು. ಐದಕ್ಕೆ ಮೈ ಕಟ್ಟಿದ್ದು ಇಟಲಿಯಲ್ಲಿ, ಮೊದಲನೆಯದಕ್ಕೆ ಮಾತ್ರ ಕ್ಯಾಲಿಫೋರ್ನಿಯಾದ ಶೆಲ್ಬಿ ಗ್ಯಾರೇಜಿನಲ್ಲೇ. ಆ ಮೊದಲನೆಯದು ಸೀಬ್ರಿಂಗ್‌ನಲ್ಲಿ ತನ್ನ ವರ್ಗದಲ್ಲಿ ಗೆದ್ದಿತು, ಬಾನವಿಲ್ಲಿನ ಉಪ್ಪಿನ ಬಯಲಿನಲ್ಲಿ ವೇಗದ ದಾಖಲೆಗಳನ್ನು ಮುರಿಯಿತು. ರೇಸಿನಿಂದ ನಿವೃತ್ತಿಯಾದ ಮೇಲೆ ಸಂಗೀತ ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದನ್ನು ಕೊಂಡ. ಊರೊಳಗೆ ಓಡಿಸುವುದಕ್ಕೆ ಅದು ಒಲೆಯ ಹಾಗೆ ಕಾಯುವ, ಕಿವಿ ಕಿತ್ತುಹೋಗುವ ಗಾಡಿ. ಕೆಲವು ವರ್ಷಗಳಲ್ಲೇ ಬೇಸತ್ತು ತನ್ನ ಅಂಗರಕ್ಷಕನಿಗೆ ಪುಡಿಗಾಸಿಗೆ ದಾಟಿಸಿದ. ಅಂಗರಕ್ಷಕನಿಂದ ಅದು ಮಗಳಿಗೆ ಬಂತು.

ಮಗಳು ಸ್ವಲ್ಪ ಕಾಲ ಅದನ್ನು ರಸ್ತೆಯಲ್ಲಿ ಓಡಿಸಿದಳು, ಆಮೇಲೆ ಬಾಡಿಗೆ ಗೋದಾಮಿಗೆ ನೂಕಿ ಬೀಗ ಹಾಕಿದಳು. ಕಾರಿನ ಬೆಲೆ ಲಕ್ಷ ಡಾಲರ್ ದಾಟಿತು, ದಶಲಕ್ಷ ದಾಟಿತು. ಕಳೆದುಹೋದ ಡೇಟೋನಾವನ್ನು ಹುಡುಕಿ ಬಂದವರಿಗೆಲ್ಲ ಆಕೆಯ ಉತ್ತರ ಒಂದೇ: ಇಲ್ಲ. ಏಕೆ ಎಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 2000ದಲ್ಲಿ ಆಕೆ ತೀರಿಕೊಂಡಾಗ ವಾರಸುದಾರಳಾದ ತಾಯಿ ಕಾರನ್ನು ಮಾರಿದಳು. ‘ಅದನ್ನು ನನಗೆ ಕೊಟ್ಟಿದ್ದಳು’ ಎಂದು ಹಳೆಯ ಸ್ನೇಹಿತನೊಬ್ಬ ಕೋರ್ಟಿಗೆ ಹೋದ. ಈ ಗದ್ದಲದ ನಡುವೆ ಕಾರು ಫಿಲಡೆಲ್ಫಿಯಾದ ನರರೋಗ ಶಸ್ತ್ರಚಿಕಿತ್ಸಕ ಫ್ರೆಡ್ ಸಿಮಿಯೋನ್ ಕೈಸೇರಿತು. 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿ ಆರಂಭವಾದಾಗ ಅದರ ಮೊದಲ ಹೆಸರು ಇದೇ ಕಾರಿನದು.

ಸಿಮಿಯೋನ್ ಕೂಡ ಇಂಥ ವಾರಸುದಾರರೇ. ತಂದೆಯೂ ಡಾಕ್ಟರು, 1972ರಲ್ಲಿ ತೀರಿಕೊಂಡಾಗ ಮಗನಿಗೆ ಬಿಟ್ಟದ್ದು ನಾಲ್ಕು ಹಳೆಯ ಕಾರು ಮತ್ತು 8,000 ಡಾಲರ್. ಮಗ ಅಲ್ಲಿಂದ ಜಗತ್ತಿನ ಅತ್ಯುತ್ತಮ ರೇಸಿಂಗ್ ಕಾರುಗಳ ಸಂಗ್ರಹವೊಂದನ್ನು ಬೆಳೆಸಿ, 2008ರಲ್ಲಿ ಮ್ಯೂಸಿಯಂ ಮಾಡಿ ಊರಿಗೇ ತೆರೆದಿಟ್ಟರು. ಅವರ ಹಟ ಇಷ್ಟೇ ಇತ್ತು: ಹೊಸ ಬಣ್ಣ ಬಳಿಯಬೇಡಿ, ಗೀರು ಗೀರಾಗಿಯೇ ಇರಲಿ. ಮತ್ತು ಕಾರುಗಳನ್ನು ಮ್ಯೂಸಿಯಂ ಹಿಂದಿನ ಮೈದಾನದಲ್ಲಿ ಆಗಾಗ ಓಡಿಸಿ ತೋರಿಸಬೇಕು.

ಹಳೆಯದನ್ನು ಹಳೆಯದಾಗಿಯೇ ಉಳಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಎಂಜಿಬಿ ಎಂಬ ಇನ್ನೊಂದು ಎಂಜಿ 1962ರಿಂದ 1980ರ ತನಕ 5 ಲಕ್ಷಕ್ಕೂ ಹೆಚ್ಚು ಮಾರಾಟವಾದ ಕಾರು, ಮಾಸ್ತರು, ಗುಮಾಸ್ತರೂ ಕೊಳ್ಳಬಹುದಾಗಿದ್ದ ಸ್ಪೋರ್ಟ್ಸ್ ಕಾರು. ಅದರ ಮೈಯೇ ಚಾಸಿ, ಬಾಗಿಲ ಕೆಳಗಿನ ಪಟ್ಟಿಗೆ ತುಕ್ಕು ಹತ್ತಿದರೆ ಬೆನ್ನೆಲುಬಿಗೇ ಹತ್ತಿದ ಹಾಗೆ. 1980ರಲ್ಲಿ ಅಬಿಂಗ್ಡನ್ ಕಾರ್ಖಾನೆ ಮುಚ್ಚಿತು. ಆದರೆ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹುಡುಕಿ ತಂದು 1988ರಿಂದ ಹೊಸ ಎಂಜಿಬಿ ಮೈಗಳನ್ನು ಒತ್ತಿ ಮಾರತೊಡಗಿತು. ಅಜ್ಜನ ಕಾರಿನ ಎಂಜಿನ್ನು, ಗೇರ್‌ಬಾಕ್ಸು, ಸ್ಟೀರಿಂಗು ತೆಗೆದು ಹೊಸ ಮೈಗೆ ಕೂರಿಸಿದರೆ ಅದು ಅಜ್ಜನ ಕಾರೇ? ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ತೀರಾ ಬದಲಾದ ಕಾರುಗಳ ಗುರುತಿಗೆ ಬಹುಕಾಲ ಅಂಕದ ಲೆಕ್ಕ ಇಟ್ಟುಕೊಂಡಿತ್ತು. ಚಾಸಿ ಅಥವಾ ಮೈಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2, ಪಾಸಾಗಲು 8. ಸಂಗ್ರಾಹಕರು ಪ್ರಾಣ ಬಿಡುವ ಎಂಜಿನ್ನಿಗೆ ಸಿಗುತ್ತಿದ್ದುದು ಒಂದೇ ಅಂಕ! ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರ ಕಂಡವರಿಗೆ ಇದು ಹೊಸ ಪ್ರಶ್ನೆಯಲ್ಲ. ಕಂಬ ಬದಲಾಗುತ್ತದೆ, ಗೋಪುರ ಹೊಸದಾಗುತ್ತದೆ, ಊರಿನವರು ಅದೇ ಗುಡಿಗೆ ಕೈಮುಗಿಯುತ್ತಾರೆ.

ಇಂಡಿಯಾದಲ್ಲಿ ಈ ಪರಂಪರೆಗೆ ತೆರಿಗೆಯ ಕಾಟ ಕಡಿಮೆ. ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು, ಅಪ್ಪ ಮಗನಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಕಾಟ ಇರುವುದು ಆರ್‌ಟಿಒ ಕಿಟಕಿಯಲ್ಲಿ. ಮಾಲೀಕ ತೀರಿಕೊಂಡ ಮೂವತ್ತು ದಿನದೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ತುಂಬಿ ಹೆಸರು ಬದಲಾಯಿಸಿಕೊಳ್ಳಬೇಕು. ವೈಕುಂಠ ಸಮಾರಾಧನೆ, ಮಾಸಿಕಗಳ ನಡುವೆ ಇದು ಯಾರಿಗೆ ನೆನಪಿರುತ್ತದೆ? ಅಪ್ಪನ ಹೆಸರಿನಲ್ಲೇ ಆರ್‌ಸಿ ಉಳಿದು, ಇಪ್ಪತ್ತು ವರ್ಷದ ಮೇಲೆ ಅಣ್ಣತಮ್ಮಂದಿರ ಸಹಿಗಾಗಿ ಊರೂರು ಅಲೆಯುವುದು ಹೀಗೆಯೇ.

ಪೆಟ್ರೋಲಿನದು ಇನ್ನೊಂದು ಕಥೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇರುತ್ತದೆ, ನಮ್ಮ ಬಂಕುಗಳಲ್ಲಿ ಈಗ ಶೇ 20. ಎಥೆನಾಲ್ ನೀರೆಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನು ತಿನ್ನುತ್ತದೆ, ಟ್ಯಾಂಕಿನ ತಳದ ಕೆಸರನ್ನು ಎಬ್ಬಿಸಿ ಕಾರ್ಬೊರೇಟರಿಗೆ ನೂಕುತ್ತದೆ. ಎಥೆನಾಲಿಗೆ ತಾಳುವ ಪೈಪು ಯಾವುದೆಂದು ಮೊಮ್ಮಗಳು ಫೋನಿನಲ್ಲಿ ಹುಡುಕಿ ಅಜ್ಜನಿಗೆ ಹೇಳಬೇಕಾದ ಕಾಲ ಇದು. ಟೂಲ್ ಬಾಕ್ಸು ಮೊದಲ ಸಲ ಹಿಮ್ಮುಖವಾಗಿ ನಡೆಯುತ್ತಿದೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹಳೆಯ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಾಯಿಸಿದರೆ ಕೆಎ ನಂತರ ವಿಎ ಎಂಬ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಯಾವುದಕ್ಕೆ ಬಳಸಬಹುದು ಎಂಬ ಪಟ್ಟಿಯೂ ಇದೆ: ಪ್ರದರ್ಶನ, ವಿಂಟೇಜ್ ರ‍್ಯಾಲಿ, ಅಲ್ಲಿಗೆ ಹೋಗಿ ಬರುವುದು, ಪೆಟ್ರೋಲ್ ಹಾಕಿಸುವುದು, ರಿಪೇರಿ, ತಾಂತ್ರಿಕ ಸಂಶೋಧನೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬಲ್ ಕ್ಲಚ್ ಕಲಿಸುವುದು ಈ ಪಟ್ಟಿಯಲ್ಲಿ ಇಲ್ಲ. ಪೊಲೀಸರು ಕೈ ಅಡ್ಡ ಹಿಡಿದರೆ ‘ತಾಂತ್ರಿಕ ಸಂಶೋಧನೆ’ ಎನ್ನಬಹುದು. ಬಂಕಿನ ದಾರಿಯಂತೂ ಯಾವಾಗಲೂ ತೆರೆದಿದೆ, ಹತ್ತಿರದ ಬಂಕಿಗೇ ಹೋಗಬೇಕೆಂದು ನಿಯಮದಲ್ಲಿ ಬರೆದಿಲ್ಲ.